ಸಾಣೆಯಂತ್ರದ ನಡುಕ

ಜೂನ್ 2, ಸೋಮವಾರ. ಅಂಗಡಿಯ ಯಜಮಾನರು ಷೆಡ್ಡಿನ ಬೀಗ ತೆಗೆದು ಒಳಗೆ ಕೈ ತೋರಿಸಿದರು, ತಾವು ಮಾತ್ರ ಹೊಸ್ತಿಲಾಚೆಯೇ ನಿಂತರು. ಖಾಲಿ ಡ್ರಮ್ಮುಗಳು, ಮುರಿದ ಮೇವು ಕತ್ತರಿಸುವ ಯಂತ್ರಗಳು, ಗೋಣಿಚೀಲಗಳ ನಡುವೆ ನನ್ನ ಎದೆಮಟ್ಟದ ಒಂದು ಎರಕದ ಕಂಬ ನಿಂತಿತ್ತು. ಕಂಬದ ತಲೆಯ ಮೇಲೆ ಮೋಟರು. ಮೋಟರಿನ ಎರಡು ಬದಿಗೆ ಒಂದೊಂದು ಸಾಣೆಚಕ್ರ. ಎರಡೂ ಅಂಚು ಚಕ್ಕೆ ಎದ್ದು, ಎಣ್ಣೆ ಕುಡಿದು ಕಪ್ಪಾಗಿದ್ದವು.

"ಗಣಿ ಕಾಲದ್ದು. ಯಾರೋ ತಗಂಡು, ಅವ್ರಿಂದ ಇನ್ಯಾರೋ ತಗಂಡು, ಕೊನೆಗೆ ಷೆಡ್ಡಿನ ಜೊತೆ ನನ್ ತಲೆಗೆ ಬಂತು," ಎಂದರು ಯಜಮಾನರು. "ನೋಡಮ್ಮಾ, ಜುಲೈ ಮೊದಲ್ನೇ ಶನಿವಾರ ಬಂಗಾರಪೇಟೆ ಗುಜರಿಯವನು ಲಾರಿ ತತ್ತಾನೆ. ಅಷ್ಟ್ರೊಳಗೆ ಇದು ಓಡಿದ್ರೆ ಇದೂ ಇಲ್ಲಿರ್ತದೆ, ನೀನೂ ಇಲ್ಲಿರ್ತೀಯ. ಓಡ್ಲಿಲ್ಲ ಅಂದ್ರೆ ಎರಡೂ ಖಾಲಿ."

ಅವರಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಬೇಸಾಯದ ಸಾಮಾನಿನ ಅಂಗಡಿ ಇದೆ. ಸುತ್ತಲಿನ ಹಳ್ಳಿಗಳಲ್ಲಿ ಹಸು ಕಟ್ಟಿರುವ ಮನೆಗಳಿಗೆಲ್ಲ ಮೇವು ಕತ್ತರಿಸುವ ಯಂತ್ರ ಮಾರಿದ್ದಾರೆ. ಅದರ ಬ್ಲೇಡು ಮೊಂಡಾದಾಗ ಮಸೆದುಕೊಡುವವರು ಇಲ್ಲಿ ಯಾರೂ ಇಲ್ಲ. ಆ ಕೆಲಸಕ್ಕೆ ಈ ಯಂತ್ರ, ಈ ಯಂತ್ರಕ್ಕೆ ನಾನು.

ನನ್ನ ಜೊತೆ ಐಟಿಐಯಲ್ಲಿ ಫಿಟ್ಟರ್ ಓದಿದವರೆಲ್ಲ ಬೆಳಿಗ್ಗೆ ಬಂಗಾರಪೇಟೆಯಿಂದ ಬೆಂಗಳೂರಿನ ರೈಲು ಹತ್ತುತ್ತಾರೆ. ಹತ್ತು ತಿಂಗಳು ನಾನೂ ಹತ್ತಿದ್ದೆ. ಹುಡುಗಿ ಎಂದು ಅಲ್ಲಿನ ಕಾರ್ಖಾನೆಯಲ್ಲಿ ನನಗೆ ಪ್ಯಾಕಿಂಗ್ ಕೆಲಸ ಕೊಟ್ಟಿದ್ದರು. ಸ್ಪ್ಯಾನರ್ ಮುಟ್ಟಿಸಲಿಲ್ಲ. ಈಗ ಅವರಿಗೆ ಎದುರು ದಿಕ್ಕಿನ ಬಸ್ಸು ಹತ್ತುತ್ತೇನೆ. ನನ್ನನ್ನು ಫಿಟ್ಟರ್ ಎಂದು ಕೆಲಸಕ್ಕೆ ಕರೆದ ಮೊದಲ ಜಾಗ ಇದು. ಆದ್ದರಿಂದ ಯಜಮಾನರು "ಎರಡೂ ಖಾಲಿ" ಎಂದದ್ದನ್ನು ಅಂದೇ ನನ್ನ ಕೆಲಸದ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಕೈಯಲ್ಲಿದ್ದದ್ದು, ಭಾನುವಾರ ಬಿಟ್ಟರೆ, ಇಪ್ಪತ್ತೊಂಬತ್ತು ದಿನ.

ಮೊದಲ ಆರು ದಿನ ಬಿಚ್ಚುವುದರಲ್ಲೇ ಹೋಯಿತು. ನಟ್ಟುಗಳ ಮೇಲೆ ತುಕ್ಕು ಪದರ ಕಟ್ಟಿತ್ತು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ನಟ್ಟಿಗೆ ಸುತ್ತಿ ಬಿಡುವುದು, ಮರುದಿನ ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟುವುದು, ಮತ್ತೆ ಸೀಮೆಎಣ್ಣೆ. ಸಾಣೆಯಂತ್ರದ ಎಡಬದಿಯ ನಟ್ಟು ಎಲ್ಲ ನಟ್ಟುಗಳಂತಲ್ಲ, ಅದರ ಮರೆ, ಎಂದರೆ ಒಳಗಿನ ಸುತ್ತುಗೀರು, ಉಲ್ಟಾ. ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚಿಕೊಳ್ಳುತ್ತದೆ. ಗೊತ್ತಿದ್ದೂ ಎರಡು ಸಲ ಕೈ ತಪ್ಪು ದಿಕ್ಕಿಗೇ ಹೋಯಿತು. ಮೂರನೇ ಸಲ ನಟ್ಟಿನ ಪಕ್ಕ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿಕೊಂಡೆ. ಶನಿವಾರ ಮೂರೂವರೆಗೆ ಅದು ಕಿರ್ರೆಂದು ಸಡಿಲವಾದಾಗ "ಬಂತು!" ಎಂದು ಕೂಗಿದೆ. ಕೂಗು ತಗಡಿನ ಚಾವಣಿಗೆ ಬಡಿದು ಹಾಗೇ ವಾಪಸು ಬಂತು.

ಷೆಡ್ಡು ಇರುವುದು ರಾಬರ್ಟ್‌ಸನ್‌ಪೇಟೆಯಿಂದ ಮೈಸೂರು ಮೈನ್ಸ್ ಕಡೆ ಹೋಗುವಾಗ, ಅಂಗಡಿ ಸಾಲು ಮುಗಿದ ಮೇಲೆ. ಎದುರಿಗೆ ಸೈನೈಡ್ ದಿಬ್ಬ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಮಣ್ಣಿನ ಗುಡ್ಡ. ಗಾಳಿ ಬೀಸಿದರೆ ಅದರ ಬಿಳಿ ದೂಳು ಬಾಗಿಲಿನ ಸಂದಿಯಿಂದ ಒಳಗೆ ಬಂದು, ನಾನು ಗ್ರೀಸು ಹಚ್ಚಿಟ್ಟ ಭಾಗಗಳ ಮೇಲೇ ಕೂರುತ್ತದೆ. ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು ಡಬ್ಬಿ ತೆಗೆದರೆ ದಾರಿಯಲ್ಲಿ ಹೋಗುವ ಆಟೊದವರು ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ನನ್ನ ಪುಸ್ತಕದಲ್ಲಿ ತಾರೀಖು, ಮಾಡಿದ ಕೆಲಸ, ಹಿಡಿದ ಸಮಯ ಎಂದು ಕಾಲಂಗಳಿವೆ. ಎರಡನೇ ವಾರದಲ್ಲಿ ಇನ್ನೊಂದು ಹಾಕಿದೆ: ಮಾತಾಡಿದವರು. ಕಂಡಕ್ಟರನ್ನೂ ಸೇರಿಸಿ ಎಣಿಸುತ್ತಿದ್ದೆ. ಹೆಚ್ಚಿನ ದಿನ ಎರಡು, ಒಂದು ದಿನ ಒಂದೇ.

ಷೆಡ್ಡಿಗೆ ಇನ್ನೊಬ್ಬರೂ ಬರುತ್ತಿದ್ದರು, ಆದರೆ ಅವರು ಆ ಕಾಲಂಗೆ ಸೇರುವಂತಿರಲಿಲ್ಲ. "ಒಬ್ಬಮ್ಮ ಒತ್ತಾರೆ ಬಂದು ಕಸ ಗುಡಿಸಿ ಓಯ್ತಾಳೆ, ಅವಳತ್ರ ಇನ್ನೊಂದು ಬೀಗದಕೈ ಐತೆ," ಎಂದು ಯಜಮಾನರು ಹೇಳಿದ್ದರು. ನಾನು ಒಂಬತ್ತಕ್ಕೆ ಬರುವಾಗ ಆಕೆ ಹೋಗಿರುತ್ತಿದ್ದರು. ಬಾಗಿಲಲ್ಲಿ ನಾಲ್ಕು ಎಳೆಯ ರಂಗೋಲಿ, ಮೂಲೆಯಲ್ಲಿ ತುಂಬಿದ ಕೊಡ, ನೀರು ಚಿಮುಕಿಸಿ ಗುಡಿಸಿದ ನೆಲ. ಎಲ್ಲ ಕಾರ್ಖಾನೆಗಳಲ್ಲಿ ಇರುವಂತೆ ಯಂತ್ರದ ಕಂಬಕ್ಕೆ ಅರಿಶಿನ ಕುಂಕುಮ. ಒಂದು ದಿನ ನನ್ನ ಸ್ಪ್ಯಾನರುಗಳ ಪಕ್ಕ ಒಂದು ಸೀಬೆಹಣ್ಣು ಇತ್ತು. ಯಾರಿಗೆಂದು ಗೊತ್ತಾಗದೆ ಮಧ್ಯಾಹ್ನದವರೆಗೆ ನೋಡುತ್ತ ಕೂತಿದ್ದು, ಆಮೇಲೆ ತಿಂದೆ.

ಜೂನ್ 9ರಂದು ಮೋಟರನ್ನು ಗೂಡ್ಸ್ ಆಟೊದಲ್ಲಿ ಬಂಗಾರಪೇಟೆಗೆ ಒಯ್ದೆ. ಒಳಗಿನ ತಂತಿಯ ಸುರುಳಿಗಳು ತೇವ ಹಿಡಿದು ಕೈ ಮುಟ್ಟಿದರೆ ಉದುರುತ್ತಿದ್ದವು. ಹೊಸದಾಗಿ ಸುತ್ತದೆ ಬೇರೆ ದಾರಿ ಇರಲಿಲ್ಲ. ವೈಂಡಿಂಗ್ ಅಂಗಡಿಯ ಮೇಸ್ತ್ರಿ ಮೋಟರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಏಮ್ಮಾ, ಇದನ್ನ ಎಲ್ಲಿಂದ ಅಗೆದು ತಂದೆ?"

"ಮೈಸೂರು ಮೈನ್ಸ್ ಕಡೆಯಿಂದ."

"ಅದಕ್ಕೇ ಮತ್ತೆ. ಬಂಗಾರ ಸಿಗ್ಲಿಲ್ಲ ಅಂತ ಮೋಟರ್ ಎತ್ಕೊಂಡು ಬಂದಿದ್ದೀಯ."

"ಎಷ್ಟು ದಿನ ಆಗ್ತದೆ ಮೇಸ್ತ್ರಿ?"

"ಒಂದು ವಾರ. ದಿನಾ ಬಂದು ನನ್ ತಲೆ ಮೇಲೆ ಕೂತ್ರೆ ಎರಡು ವಾರ. ಸರೇನಾ?"

ನಾನು ಹೋಗಿ ಕೂರಲಿಲ್ಲ. ಆ ವಾರ ಕಂಬವನ್ನು ಎಮರಿ ಕಾಗದದಲ್ಲಿ ತಿಕ್ಕಿ ಬಣ್ಣ ಹೊಡೆದೆ. ಬುಡದ ಬೋಲ್ಟುಗಳಿಗೆ ಹೊಸ ಕಾಂಕ್ರೀಟು ಹಾಕಿಸಿ, ರಸಮಟ್ಟ ಇಟ್ಟು ನೋಡಿ, ಒಂದು ಮೂಲೆಗೆ ತೆಳು ತಗಡು ಕೊಟ್ಟು ಸಮ ಮಾಡಿದೆ. ಹಳೆಯ ಎರಡು ಚಕ್ರಗಳನ್ನು, ಯಾರೂ ಮತ್ತೆ ಹಾಕದಿರಲೆಂದು, ಸುತ್ತಿಗೆಯಲ್ಲಿ ಒಡೆದು ಗುಂಡಿಗೆ ಹಾಕಿದೆ.

ಮೋಟರು 16ಕ್ಕೆ ಬಂತು. ಬೇರಿಂಗುಗಳನ್ನು ಎಣ್ಣೆಯಲ್ಲಿ ಬಿಸಿ ಮಾಡಿ ಶಾಫ್ಟಿಗೆ ಕೂರಿಸಿದೆ. ಚಕ್ರ ಇಲ್ಲದೆ ಬರೀ ಶಾಫ್ಟನ್ನು ಓಡಿಸಿ ನೋಡಿದರೆ ಅದು ಹಿಂದುಮುಂದಾಗಿ ತಿರುಗಿತು. ಹಾಗೇ ಬಿಟ್ಟಿದ್ದರೆ ಕಿಡಿ ಮುಖಕ್ಕೆ ಹಾರುತ್ತಿತ್ತು, ನಟ್ಟುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು. ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದೆ. ಸರಿಯಾಯಿತು.

ಜೂನ್ 18, ಬುಧವಾರ ಹೊಸ ಚಕ್ರಗಳು. ಕಬ್ಬಿಣದ ಸಲಾಕೆಗೆ ನೇತುಹಾಕಿ, ಮರದ ಹಿಡಿಯಿಂದ ನಾಲ್ಕು ಕಡೆ ತಟ್ಟಿ ಕೇಳಿದೆ. ಬಿರುಕಿಲ್ಲದ ಚಕ್ರ ಗಂಟೆಯಂತೆ ನುಡಿಯುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಎರಡೂ ನುಡಿದವು. ಎರಡು ಮಗ್ಗುಲಿಗೂ ದಪ್ಪ ಕಾಗದದ ಬಿಲ್ಲೆ ಇಟ್ಟು, ಚಕ್ರವನ್ನು ಅಮುಕಿ ಹಿಡಿಯುವ ಫ್ಲಾಂಜ್ ಹಾಕಿ, ಮೇಲೆ ಗಾರ್ಡು ಮುಚ್ಚಿ, ಸ್ವಿಚ್ಚು ಒತ್ತಿ ಪಕ್ಕಕ್ಕೆ ಸರಿದು ನಿಂತೆ. ಈ ಚಕ್ರ ನಿಮಿಷಕ್ಕೆ ಸಾವಿರದ ನಾನೂರು ಸುತ್ತು ತಿರುಗುತ್ತದೆ. ಒಡೆದರೆ ಎದುರಿಗೆ ನಿಂತವರು ಉಳಿಯುವುದಿಲ್ಲ. ಐದು ನಿಮಿಷ ಕಾದು, ಕಂಬದ ಮೇಲೆ ಐದು ರೂಪಾಯಿಯ ದಪ್ಪ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದೆ. ನಾಣ್ಯ ನಿಂತೇ ಇತ್ತು. ಗುರುವಾರವೂ ನಿಂತಿತು. ಯಜಮಾನರಿಗೆ ಫೋನು ಮಾಡಿದೆ.

ಶುಕ್ರವಾರ ಅವರು ಒಂದು ಮೊಂಡ ಬ್ಲೇಡು ಹಿಡಿದು ಬಂದರು. ಸ್ವಿಚ್ಚು ಹಾಕಿದೆ. ವೇಗ ಏರುತ್ತಿದ್ದಂತೆ ಕಂಬ ಗುಂಯ್ಗುಡತೊಡಗಿತು, ಗಾರ್ಡಿನ ತಗಡು ಕಟಕಟ ಹಲ್ಲು ಕಡಿಯಿತು, ಮೇಜಿನ ಮೇಲಿನ ಸ್ಪ್ಯಾನರುಗಳು ಸರಿದಾಡಿದವು. ಕೂಡಲೇ ಆರಿಸಿದೆ.

"ಇದೇನಮ್ಮಾ, ಮೈಮೇಲೆ ದೇವ್ರು ಬಂದೋರ ತರ ಕುಣೀತೈತೆ?"

"ನಿನ್ನೆ ಸರಿಯಾಗಿತ್ತು ಸಾರ್."

"ನಿನ್ನೆ ನಾನಿರ್ಲಿಲ್ವಲ್ಲ," ಎಂದು ಬ್ಲೇಡನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡು ಹೋದರು.

ಅವತ್ತು ಸಂಜೆಯವರೆಗೆ ಬುಡದ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದೆ. ಶನಿವಾರ ಓಡಿಸಿದರೆ ನಡುಕ ಇಲ್ಲ. ಕಾರಣ ಬೋಲ್ಟು ಎಂದು ಬರೆದೆ. ಸೋಮವಾರವೂ ಚೆನ್ನಾಗಿತ್ತು. 24, ಮಂಗಳವಾರ, ಮತ್ತೆ ನಡುಗಿತು. ಹಾಗಾದರೆ ಬೇರಿಂಗು ಕೂರಿಸಿದ್ದರಲ್ಲೇ ತಪ್ಪಿರಬೇಕೆಂದು ಬಿಚ್ಚಿ, ತೊಳೆದು, ಮತ್ತೆ ಕೂರಿಸಿದೆ. ಬುಧವಾರ ಸರಿ, ಗುರುವಾರ ಸರಿ. ಕಾರಣ ಬೇರಿಂಗು ಎಂದು ಬರೆದೆ. 27, ಶುಕ್ರವಾರ, ನಡುಕ. ಚಕ್ರಗಳನ್ನು ಇಳಿಸಿ, ಫ್ಲಾಂಜುಗಳ ಮುಖ ಉಜ್ಜಿ, ಕಾಗದದ ಬಿಲ್ಲೆಗಳನ್ನು ಬದಲಿಸಿದೆ. ಗಾರ್ಡಿನ ಒಳಗೆ ತೆಳುವಾಗಿ ಹೊಸ ತುಕ್ಕಿನ ಗೆರೆಯೊಂದು ಕಂಡಿತು. ಅದನ್ನೂ ಉಜ್ಜಿ ಹಾಕಿದೆ, ಯಾಕೆ ಬಂತೆಂದು ಯೋಚಿಸಲಿಲ್ಲ. ಶನಿವಾರ, ಸೋಮವಾರ ಯಂತ್ರ ಮಲಗಿದ ಮಗುವಿನ ಉಸಿರಿನಂಥ ಸದ್ದಿನಲ್ಲಿ ಓಡಿತು. ಜುಲೈ 1, ಮಂಗಳವಾರ, ಸ್ವಿಚ್ಚು ಒತ್ತಿದೆ. ನಡುಗಿತು.

ಆ ದಿನ ಏನನ್ನೂ ಬಿಚ್ಚಲು ಮನಸ್ಸಾಗಲಿಲ್ಲ. ಹೊಸ್ತಿಲ ಮೇಲೆ ಕೂತು ಹೊಸ ಪುಟದಲ್ಲಿ ಲೆಕ್ಕ ಹಾಕಿದೆ. ಚಕ್ರ ಓಡಿಸಿದ್ದು ಹನ್ನೆರಡು ದಿನ. ನಡುಕ ಇಲ್ಲದ್ದು ಎಂಟು, ಇದ್ದದ್ದು ನಾಲ್ಕು. ಮಾಡಿದ ರಿಪೇರಿ ಮೂರು. ಮೂರು ರಿಪೇರಿಗೂ ಮರುದಿನ ಫಲ ಸಿಕ್ಕಿದೆ. ಬೋಲ್ಟು, ಬೇರಿಂಗು, ಫ್ಲಾಂಜ್ ಮೂರೂ ಕಾರಣವಾಗಿರಲು ಸಾಧ್ಯವಿಲ್ಲ. ಮೂರೂ ಕಾರಣ ಅಲ್ಲದಿರಬಹುದು. ನಾನು ಏನೂ ಮಾಡದೆ ಕೂತಿದ್ದರೂ ಮರುದಿನ ಸರಿಹೋಗುತ್ತಿತ್ತೋ ಏನೋ. ಇದು ಹೊಳೆದಾಗ ನಾಚಿಕೆಯಾಯಿತು. ಎರಡು ವಾರ ನಾನು ಚೆನ್ನಾಗಿದ್ದ ಭಾಗಗಳನ್ನು ಬಿಚ್ಚಿ ಜೋಡಿಸುತ್ತಿದ್ದೆ.

ನಡುಗಿದ ನಾಲ್ಕೂ ದಿನಗಳ ಮುಂದೆ ವಾರ ಬರೆದೆ. ಶುಕ್ರ, ಮಂಗಳ, ಶುಕ್ರ, ಮಂಗಳ.

ಮಂಗಳವಾರ ಶುಕ್ರವಾರ ಏನು ಬದಲಾಗುತ್ತದೆ? ವೋಲ್ಟೇಜು ಅಳೆದಿದ್ದೆ, ಎಲ್ಲ ದಿನವೂ ಒಂದೇ. ಮಾರಿಕುಪ್ಪಂ ರೈಲು ದಿನಾ ಹೋಗುತ್ತದೆ. ಆ ಎರಡು ದಿನ ನಾನು ತಲೆಗೆ ಸ್ನಾನ ಮಾಡಿ ಬರುತ್ತೇನೆ, ಅದಕ್ಕೂ ಯಂತ್ರಕ್ಕೂ ಸಂಬಂಧವಿಲ್ಲ. ನಾನಿರುವ ಹೊತ್ತಿನಲ್ಲಿ ಬದಲಾಗುವುದು ಏನೂ ಇಲ್ಲ. ಹಾಗಾದರೆ ಆಗುವುದು ನಾನಿಲ್ಲದ ಹೊತ್ತಿನಲ್ಲಿ.

ಅಂದೇ ತೀರ್ಮಾನ ಮಾಡಿದೆ. ಶುಕ್ರವಾರದವರೆಗೆ ಸ್ಪ್ಯಾನರ್ ಮುಟ್ಟುವುದಿಲ್ಲ. ಶುಕ್ರವಾರ ಮೊದಲ ಬಸ್ಸಿಗೆ ಬರುತ್ತೇನೆ. ಅದರ ಮರುದಿನವೇ ಲಾರಿ ಬರುವುದಿತ್ತು. ಮೂರು ದಿನ ಕೈಕಟ್ಟಿ ಕೂರುವ ಧೈರ್ಯ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಬುಧವಾರ, ಗುರುವಾರ ಯಂತ್ರವನ್ನು ಓಡಿಸಿ, ನಾಣ್ಯ ನಿಲ್ಲಿಸಿ, ಆರಿಸಿ, ಬರೆದೆ. ಉಳಿದ ಹೊತ್ತು ಅದರ ಎದುರು ಸ್ಟೂಲು ಹಾಕಿಕೊಂಡು ಕೂತಿದ್ದೆ. ಗುರುವಾರ ಯಜಮಾನರು ಫೋನು ಮಾಡಿ, "ಲಾರಿಯವನಿಗೆ ಬರಕ್ಕೆ ಏಳಿದ್ದೀನಮ್ಮಾ," ಎಂದರು. ಹೂಂ ಎಂದೆ.

ಜುಲೈ 4, ಶುಕ್ರವಾರ ನಾನು ಷೆಡ್ಡು ತಲುಪಿದಾಗ ಆರು ಗಂಟೆಗೆ ಐದು ನಿಮಿಷವಿತ್ತು. ಬಾಗಿಲು ತೆರೆದಿತ್ತು. ಒಳಗೆ ಒಬ್ಬ ವಯಸ್ಸಾದ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೊಂಬಿನಿಂದ ಬಲಗಡೆಯ ಚಕ್ರದ ಮೇಲೆ ನೀರು ಹೊಯ್ಯುತ್ತಿದ್ದರು. ಎಡಗಡೆಯದು ಆಗಲೇ ತೊಯ್ದಿತ್ತು. ಗಾರ್ಡು ಮುಚ್ಚದೆ ಮುಂದೆ ಕಾಣುವ ಭಾಗಕ್ಕೆ ನೀರು ಬೀಳುತ್ತಿತ್ತು, ಬೀಳುತ್ತಿದ್ದಂತೆ ಮಾಯವಾಗುತ್ತಿತ್ತು. ಇಡೀ ಚೊಂಬು ಖಾಲಿಯಾದರೂ ನೆಲಕ್ಕೆ ಬಿದ್ದದ್ದು ನಾಲ್ಕು ಹನಿ.

ಸಾಣೆಚಕ್ರ ಒಳಗೆಲ್ಲ ಸಣ್ಣ ತೂತು. ಸ್ಪಂಜಿನಂತೆ ನೀರು ಹೀರುತ್ತದೆ. ನಿಂತ ಚಕ್ರಕ್ಕೆ ನೀರು ಹಾಕಿದರೆ ಅದು ಕೆಳಗಿನ ಅರ್ಧಕ್ಕೆ ಇಳಿದು ಕೂರುತ್ತದೆ, ಆ ಕಡೆ ಭಾರವಾಗುತ್ತದೆ. ನಾನು ಒಂಬತ್ತಕ್ಕೆ ಬರುವಷ್ಟರಲ್ಲಿ ಮೇಲ್ಮೈ ಒಣಗಿರುತ್ತದೆ. ಓಡಿಸಿದಾಗ ಚಕ್ರ ನಡುಗಿ ಒಂದಷ್ಟು ನೀರನ್ನು ಗಾರ್ಡಿನ ಒಳಗೆ ಎಸೆಯುತ್ತದೆ, ಉಳಿದದ್ದು ಮರುದಿನದೊಳಗೆ ಆರುತ್ತದೆ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಆದರೆ ಆ ಕ್ಷಣ ಬಾಯಿಗೆ ಬಂದದ್ದು ಇದ್ಯಾವುದೂ ಅಲ್ಲ.

"ಏಯ್! ಮುಟ್ಬೇಡಿ ಅದನ್ನ! ಅದರ ಹತ್ರಾನೇ ಬರ್ಬೇಡಿ!"

ಚೊಂಬು ಕೈಜಾರಿತು. ಆಕೆ ಎರಡು ಹೆಜ್ಜೆ ಹಿಂದೆ ಸರಿದು, ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದರು.

"ಓ, ಮಿಷನ್ ಉಡುಗಿ ನೀನೇನಾ? ಎಣ್ಣೆ ಬಟ್ಟೆ ಎಲ್ಲೆಂದ್ರಲ್ಲಿ ಬಿಸಾಕಿ ಓಗೋಳು?"

ಚೊಂಬನ್ನು ಎತ್ತಿಕೊಟ್ಟೆ.

"ಅಮ್ಮಾ, ಅದಕ್ಕೆ ನೀರು ಯಾಕೆ ಹಾಕ್ತೀರ?"

"ಯಾಕಾ? ಮಂಗ್ಳವಾರ ಸುಕ್ರವಾರ ಕಲ್ಲು ತೊಳೀದೆ ಬೊಟ್ಟು ಮಡಗ್ತಾರಾ? ನಿಮ್ಮವ್ವ ಮನೇಲಿ ಒಳ್ಕಲ್ಲು ತೊಳ್ಯಲ್ವಾ?"

"ತೊಳೀತಾರೆ."

"ಮತ್ತೆ?"

ನಮ್ಮ ಮನೆಯಲ್ಲಿ ಅವ್ವ ಒರಳಿಗೆ ನೀರು ಹಾಕಿ ತೊಳೆದು ಕುಂಕುಮ ಇಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಕಂಬದ ಮೇಲಿನ ಕುಂಕುಮವನ್ನೂ ದಿನಾ ನೋಡುತ್ತಿದ್ದೆ. ತೊಳೆಯದೆ ಯಾರೂ ಕುಂಕುಮ ಇಡುವುದಿಲ್ಲ ಎಂಬುದು ಮಾತ್ರ ನೆನಪಿಗೆ ಬಂದಿರಲಿಲ್ಲ.

"ನಮ್ಮನೆಯೋರು ಕುಡ್ಲು ಮಸೀಬೇಕಾದ್ರೆ ನೀರಿಲ್ದೆ ಕಲ್ಲು ಮುಟ್ತಾ ಇರ್ಲಿಲ್ಲ," ಎಂದರು ಆಕೆ. "ಒಣಗಿದ್ ಕಲ್ಲು ಕಬ್ಬಿಣ ತಿನ್ನಲ್ಲ, ಕೈ ತಿಂತದೆ ಅನ್ನೋರು. ಇದು ಬೇರೆ ಇಷ್ಟು ದೊಡ್ಡ ಕಲ್ಲು. ನೀನು ಒಂದಿನಾನೂ ಒಂದ್ ತೊಟ್ಟು ನೀರು ಉಯ್ದಿಲ್ಲ. ಪಾಪ, ಈಗಿನ್ ಉಡುಗ್ರಿಗೆ ಗೊತ್ತಾಗಲ್ಲ ಅಂದ್ಕೊಂಡು ನಾನೇ ಉಯ್ತಾ ಇದ್ದೆ."

ಕೈಯಲ್ಲಿ ಉಜ್ಜುವ ಕಲ್ಲಿಗೆ ಅವರು ಹೇಳಿದ್ದು ಪೂರ್ತಿ ಸರಿ. ಇದು ಅಂಟು ಹಾಕಿ ಸುಟ್ಟು ಮಾಡಿದ ಚಕ್ರ, ಒಣಗಿದ್ದರೇ ಕ್ಷೇಮ, ನೀರು ಕುಡಿದು ತಿರುಗಿದರೆ ಸಿಡಿಯಬಹುದು, ಎದುರಿಗೆ ನಿಂತ ನಾನು ಸಾಯಬಹುದು ಎಂದು ವಿವರಿಸಿದೆ. ನಾನು ಸಾಯಬಹುದು ಎಂದದ್ದು ತಪ್ಪಾಯಿತು. ಆಕೆಯ ಮುಖ ಇಳಿಯಿತು. ಚೊಂಬನ್ನು ಸೆರಗಿನಿಂದ ಒರೆಸಿದರು.

"ನಂಗೆ ಯಾರೂ ಏಳ್ಲಿಲ್ಲ ತಾಯಿ."

"ನಾನೇ ಹೇಳ್ಬೇಕಿತ್ತಮ್ಮ."

"ಸಾವುಕಾರ್ರಿಗೆ ಏಳ್ಬುಡ್ತೀಯಾ? ಇಲ್ಲಿ ಗುಡಿಸಿ, ಅಂಗ್ಡೀಲಿ ಗುಡಿಸಿ, ಆಮೇಲೆ ಟಮಾಟ ಕೀಳಕ್ಕೆ ಓಗ್ತೀನಿ. ಇದು ತಿಂಗ್ಳು ತಿಂಗ್ಳು ಬರೋ ಕೆಲ್ಸ. ಕೂಲಿ ಇದ್ರೆ ಐತೆ, ಇಲ್ದಿದ್ರೆ ಇಲ್ಲ."

ಹೊರಗೆ ಕೂಲಿಯವರನ್ನು ಕರೆದೊಯ್ಯುವ ಟೆಂಪೊ ಹಾರನ್ ಹಾಕಿತು. ಆಕೆ ಬೀಗದಕೈಯನ್ನು ಮೇಜಿನ ಮೇಲೆ ಇಡಲೋ ಬೇಡವೋ ಎಂಬಂತೆ ಹಿಡಿದು ನಿಂತು, ಕೊನೆಗೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದರು. ಬಾಗಿಲಲ್ಲಿ ತಿರುಗಿ, "ಅಣ್ಣು ತಿಂದ್ಯಾ ಅವತ್ತು?" ಎಂದರು. ತಿಂದೆ ಎಂದು ನಾನು ಹೇಳುವಷ್ಟರಲ್ಲಿ ಟೆಂಪೊ ಹೊರಟಿತ್ತು.

ಕಾರಣ ಗೊತ್ತಾದರೆ ಸಾಲದು, ಖಾತ್ರಿಯಾಗಬೇಕು. ಎರಡೂ ಚಕ್ರಗಳನ್ನು ಇಳಿಸಿದೆ. ಒಂದೊಂದನ್ನೇ ಸಲಾಕೆಗೆ ಬಿಗಿಯಾಗಿ ಪೋಣಿಸಿ, ಸಮಮಟ್ಟಕ್ಕೆ ಇಟ್ಟ ಎರಡು ಕಬ್ಬಿಣದ ಪಟ್ಟಿಗಳ ಮೇಲೆ ಸಲಾಕೆಯ ತುದಿಗಳನ್ನು ಇಟ್ಟೆ. ಚಕ್ರ ತಾನೇ ಉರುಳಿ, ತೂಗಾಡಿ, ನಿಂತಿತು. ಕೆಳಗೆ ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ತಿರುಗಿಸಿ ಬಿಟ್ಟೆ. ಹತ್ತು ಸಲ ಬಿಟ್ಟರೆ ಹತ್ತು ಸಲವೂ ಗುರುತೇ ಕೆಳಗೆ ಬಂತು. ಆಮೇಲೆ ಎರಡನ್ನೂ ಹೊರಗೆ ಗೋಣಿಚೀಲದ ಮೇಲೆ ಬಿಸಿಲಿಗೆ ಮಲಗಿಸಿ, ಅರ್ಧ ಗಂಟೆಗೊಮ್ಮೆ ಮಗುಚಿ ಹಾಕಿದೆ. ಬೆಂಕಿಯಲ್ಲಿ ಬೇಗ ಒಣಗಿಸಬಹುದಿತ್ತು, ಆದರೆ ಅದರಿಂದಲೇ ಬಿರುಕು ಬರುತ್ತದೆ. ಮೋಡ ಬಂದಾಗಲೆಲ್ಲ ಆಕಾಶ ನೋಡುತ್ತ ಕೂತೆ. ಸಂಜೆ ಐದಕ್ಕೆ ಪಟ್ಟಿಗಳ ಮೇಲಿಟ್ಟಾಗ ಬಲಗಡೆಯ ಚಕ್ರ ಎಲ್ಲಿ ಬಿಟ್ಟರೆ ಅಲ್ಲಿ ನಿಂತಿತು. ಎಡಗಡೆಯದೂ ನಿಂತಿತು. ತಟ್ಟಿ ನೋಡಿದೆ. ಬಲಗಡೆಯದು ಗಂಟೆಯಂತೆ ನುಡಿಯಿತು. ಎಡಗಡೆಯದು ಮೂರು ಕಡೆ ನುಡಿದು, ಒಂದು ಕಡೆ ಟಪ್ ಎಂದಿತು.

ಇನ್ನೂ ಸ್ವಲ್ಪ ತೇವ ಇರಬಹುದು, ನಾಳೆ ಸರಿಹೋಗಬಹುದು ಎಂದು ಒಂದು ಮನಸ್ಸು ಹೇಳಿತು. ನಾಲ್ಕು ದಿನ ನಡುಗಿದ ಚಕ್ರ ಅದು. ಸುತ್ತಿಗೆ ತಂದು ಒಡೆದೆ. ಮುರಿದ ಮುಖದಲ್ಲಿ ಕೂದಲೆಳೆಯ ಹಾಗೆ ಹಳೆಯ ಬಿರುಕು ಇತ್ತೋ, ನನ್ನ ಸುತ್ತಿಗೆಯದೇ ಗೆರೆಯೋ, ಹೇಳಲಾಗಲಿಲ್ಲ. ಎಡಬದಿಯ ಗಾರ್ಡಿನ ಬಾಯಿಗೆ ತಗಡು ಮುಚ್ಚಿ, ಒಂದೇ ಚಕ್ರ ಹಾಕಿದೆ. ಅದರ ಮೇಲೆ ಒಣ ಗೋಣಿ, ಗೋಣಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಹಗ್ಗ ಕಟ್ಟಿದೆ.

ಶನಿವಾರ ಹತ್ತೂವರೆಗೆ ಲಾರಿ ಬಂದು ಬಾಗಿಲಿಗೆ ಹಿಂಭಾಗ ಕೊಟ್ಟು ನಿಂತಿತು. ಗುಜರಿಯವನು ಭಾರ ಎತ್ತುವ ಚೈನ್ ಬ್ಲಾಕ್ ಇಳಿಸಿ ಚಾವಣಿಯ ತೊಲೆ ನೋಡುತ್ತಿದ್ದ. ಯಜಮಾನರು ಅದೇ ಮೊಂಡ ಬ್ಲೇಡನ್ನು ತಂದಿದ್ದರು. ಹೊದಿಕೆ ಬಿಚ್ಚಿ ಸ್ವಿಚ್ಚು ಹಾಕಿದೆ. ನಾಣ್ಯ ಇಡಲಿಲ್ಲ. ಕಂಬದ ಮೇಲೆ ಅಂಗೈ ಇಟ್ಟು ನಿಂತೆ. ಕಂಬ ನಡುಗಲಿಲ್ಲ.

ಬ್ಲೇಡಿನ ಒಂದೇ ಮಗ್ಗುಲನ್ನು ಸಾಣೆ ಹಿಡಿಯಬೇಕು, ಒತ್ತಬಾರದು. ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ ಎಳೆಯಬೇಕು, ಬಿಸಿಯಾಗುವ ಮೊದಲು ಬಕೆಟ್ಟಿನ ನೀರಿಗೆ ಅದ್ದಬೇಕು. ಬ್ಲೇಡು ನೀಲಿಗೆ ತಿರುಗಿದರೆ ಹದ ಹೋಯಿತು ಎಂದೇ ಅರ್ಥ. ಹದಿನಾಲ್ಕು ಸಲ ಎಳೆದೆ. ಯಜಮಾನರು ಬ್ಲೇಡನ್ನು ತೆಗೆದುಕೊಂಡು ಹೊರಗೆ ಹೋಗಿ, ಗೋಡೆಯ ಬುಡದ ಗರಿಕೆಯ ಒಂದು ಕಟ್ಟನ್ನು ಮುಷ್ಟಿಯಲ್ಲಿ ಹಿಡಿದು ಸವರಿದರು. ಹುಲ್ಲು ಸದ್ದಿಲ್ಲದೆ ಬಿತ್ತು.

"ಸರಿ. ಹದಿನೈದು ದಿನ ಯಾಕೆ ಕುಣೀತಾ ಇತ್ತು?"

"ಚಕ್ರ ನೀರು ಕುಡಿದಿತ್ತು ಸಾರ್. ಒಂದು ಚಕ್ರ ಹಾಳಾಯ್ತು, ಒಡೆದು ಹಾಕಿದೀನಿ."

"ನೀರು ಯಾರು ಆಕಿದ್ದು? ಆ ಕಸ ಗುಡಿಸೋಳಾ?"

ಉತ್ತರವನ್ನು ಹಿಂದಿನ ಸಂಜೆಯೇ ಬರೆದಿಟ್ಟಿದ್ದೆ. ಬರೆದದ್ದನ್ನೇ ಹೇಳಿದೆ. "ಅದಕ್ಕೆ ನೀರು ತಾಗಬಾರ್ದು ಅಂತ ನಾನು ಯಾರಿಗೂ ಹೇಳಿರ್ಲಿಲ್ಲ. ಸಂಜೆ ಮುಚ್ಚಿ ಹೋಗಿರ್ಲಿಲ್ಲ. ಯಂತ್ರ ನನ್ನ ಜವಾಬ್ದಾರಿ ಸಾರ್, ತಪ್ಪು ನಂದು."

"ಪುಸ್ತಕದಲ್ಲಿ ಬರ್ದಿದ್ದೀಯಾ?"

"ಬರ್ದಿದ್ದೀನಿ."

ಅವರು ಪುಸ್ತಕ ಕೇಳಲಿಲ್ಲ. ಬ್ಲೇಡಿನ ಅಂಚನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. "ಇಷ್ಟು ಓದಿ ಕಲ್ಲಿಗೆ ನೀರು ಕುಡ್ಸಿದ್ಯಲ್ಲಮ್ಮಾ," ಎಂದು ನಕ್ಕು, ಗುಜರಿಯವನ ಕಡೆ ತಿರುಗಿದರು. "ಬಾರಪ್ಪಾ, ಕಾಫಿ ಕುಡ್ಕೊಂಡು ಓಗು. ಇದು ಬರಲ್ಲ." ಹೋಗುವಾಗ ನನಗೆ ಹೇಳಿದರು: "ಸೋಮವಾರ ಇಪ್ಪತ್ತು ಬ್ಲೇಡು ಕಳಿಸ್ತೀನಿ."

ಸೋಮವಾರ ಹನ್ನೊಂದು ಮಸೆದೆ, ಮಂಗಳವಾರಕ್ಕೆ ಒಂಬತ್ತು ಉಳಿಯಿತು. ಮಂಗಳವಾರ ನಾನು ಮತ್ತೆ ಮೊದಲ ಬಸ್ಸಿಗೆ ಹೋದೆ. ಯಜಮಾನರಿಗೆ ಏನು ಹೇಳಿದೆ, ಏನು ಹೇಳಲಿಲ್ಲ ಎಂದು ಆಕೆಗೆ ತಿಳಿಸಬೇಕಿತ್ತು. ಕಂಬಕ್ಕೆ ಕುಂಕುಮ ಇಡಬಹುದು, ಒಣ ಬಟ್ಟೆಯಲ್ಲಿ ಒರೆಸಬಹುದು ಎಂದೂ ಹೇಳಬೇಕಿತ್ತು. ಆರು ಗಂಟೆಗೆ ಹತ್ತು ನಿಮಿಷ ಇರುವಾಗಲೇ ತಲುಪಿದೆ. ಬಾಗಿಲಿಗೆ ಬೀಗ ಹಾಕಿತ್ತು. ರಂಗೋಲಿ ಆಗಲೇ ಬಿದ್ದಿತ್ತು. ಆಕೆ ನನಗಿಂತ ಮೊದಲು ಬಂದು, ಮುಗಿಸಿ, ಹೋಗಿದ್ದರು.

ಒಳಗೆ ಹೋದೆ. ಕೊಡ ತುಂಬಿತ್ತು. ನೆಲವನ್ನೆಲ್ಲ ಗುಡಿಸಿ ಒಂದು ಕಡ್ಡಿ ಇಲ್ಲದಂತೆ ಮಾಡಿದ್ದರು. ಯಂತ್ರದ ಸುತ್ತ ಮಾತ್ರ ಒಂದು ಮಾರು ದೂರದವರೆಗೆ ಪೊರಕೆ ಮುಟ್ಟಿರಲಿಲ್ಲ. ನಾನು ಹತ್ತಿರ ಬರಬೇಡಿ ಎಂದಿದ್ದೆ. ಸೋಮವಾರದ ಸಾಣೆಯ ಕರಿ ಪುಡಿ, ದಿಬ್ಬದಿಂದ ಬಂದ ಬಿಳಿ ದೂಳು ಸೇರಿ ಅಲ್ಲಿ ಬೂದಿ ಬಣ್ಣದ ಒಂದು ವೃತ್ತವಾಗಿತ್ತು. ಅದರ ಅಂಚು ಕೈವಾರದಲ್ಲಿ ಎಳೆದಷ್ಟು ನಿಖರವಾಗಿತ್ತು. ಅದರೊಳಗೆ ಇದ್ದದ್ದು ನನ್ನ ಚಪ್ಪಲಿಯ ಗುರುತುಗಳು ಮಾತ್ರ.

ಮೂಲೆಯಲ್ಲಿ ಒರಗಿಸಿಟ್ಟಿದ್ದ ಅವರ ಪೊರಕೆ ತೆಗೆದುಕೊಂಡು ಅಷ್ಟು ಜಾಗವನ್ನು ನಾನೇ ಗುಡಿಸಿದೆ. ಆಮೇಲೆ ಉಳಿದ ಒಂಬತ್ತು ಬ್ಲೇಡುಗಳನ್ನು ಮಸೆಯಲು ನಿಂತೆ.